ಸೂಜಿಗೆ ಮೊದಲೇ ಚುಚ್ಚುವ ಮಾತು

(ಜಿಲ್ಲಾ ಕೇಂದ್ರವೊಂದರ ಗ್ರಂಥಾಲಯದ ಸಭಾಂಗಣದಲ್ಲಿ ದಾದಿಯರು, ಆಶಾ ಕಾರ್ಯಕರ್ತೆಯರು ಮತ್ತು ಸಾರ್ವಜನಿಕರ ಮುಂದೆ ಅರಿವಳಿಕೆ ತಜ್ಞೆಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರವನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಸಿಸೇರಿಯನ್‌ಗೆ ಮೊದಲು ಬೆನ್ನಿಗೆ ಅರಿವಳಿಕೆ ಕೊಡುತ್ತೇವಲ್ಲ, ಆ ಸೂಜಿ ಎಷ್ಟು ದಪ್ಪ ಇರುತ್ತದೆ ಗೊತ್ತೇ? ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ರಕ್ತ ಪರೀಕ್ಷೆಗೆ ತೋಳಿನಿಂದ ರಕ್ತ ಎಳೆಯುವ ಸೂಜಿ ಸಾಮಾನ್ಯವಾಗಿ ಇದಕ್ಕಿಂತ ದಪ್ಪ. ಆದರೂ ಥಿಯೇಟರಿಗೆ ಬರುವ ಹೆಣ್ಣುಮಕ್ಕಳಲ್ಲಿ ಹೊಟ್ಟೆ ಕೊಯ್ಯುವ ಕತ್ತಿಗಿಂತ ಈ ಸೂಜಿಗೇ ಹೆಚ್ಚು ಹೆದರುವವರು ಬಹಳ ಮಂದಿ. ಯಾಕಮ್ಮ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಬದುಕಿಡೀ ಬೆನ್ನುನೋವು ತಪ್ಪುವುದಿಲ್ಲವಂತೆ ಮೇಡಂ." ಅತ್ತೆ ಹೇಳಿರುತ್ತಾರೆ, ಅತ್ತಿಗೆ ಹೇಳಿರುತ್ತಾಳೆ, ಪಕ್ಕದ ಹಾಸಿಗೆಯ ಬಾಣಂತಿಯನ್ನು ನೋಡಲು ಬಂದ ಅಪರಿಚಿತರೂ ಹೇಳಿ ಹೋಗಿರುತ್ತಾರೆ.

ಈ ಮಾತಿನಲ್ಲಿ ಎಷ್ಟು ನಿಜವಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸೂಜಿ ಹೋದ ಜಾಗ ಕೆಲವು ದಿನ ಮುಟ್ಟಿದರೆ ನೋಯುವುದುಂಟು. ಕೆಲವರಿಗೆ ಕುಳಿತಾಗ, ನಿಂತಾಗ ಹೆಚ್ಚಾಗುವ ತಲೆನೋವು ಬರುವುದುಂಟು. ಅದಕ್ಕೆ ಚಿಕಿತ್ಸೆ ಇದೆ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿದುಹೋಗುತ್ತದೆ, ನಾವು ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಹೆರಿಗೆಯ ವೇಳೆ ಎಪಿಡ್ಯೂರಲ್ ಅರಿವಳಿಕೆ (ಇದನ್ನೂ ಬೆನ್ನಿಗೇ ಕೊಡುವುದು) ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ದೀರ್ಘಕಾಲದ ಬೆನ್ನುನೋವಿನ ವ್ಯತ್ಯಾಸ ಕಂಡುಬಂದಿಲ್ಲ. ಸೂಜಿಯನ್ನೇ ಕಾಣದ ಗರ್ಭಿಣಿಯರಲ್ಲಿಯೂ ಸುಮಾರು ಅರ್ಧದಷ್ಟು ಮಂದಿಗೆ ಬೆನ್ನುನೋವು ಇದ್ದೇ ಇರುತ್ತದೆ. ಹಾಗಿದ್ದರೂ ಆ ಮಾತು ನಿಂತಿಲ್ಲ. ಅದು ಕಿವಿಯಿಂದ ಕಿವಿಗೆ ದಾಟುತ್ತಾ ಹೋದ ಕಡೆಯಲ್ಲೆಲ್ಲ ನೋವನ್ನೂ ಒಯ್ಯುತ್ತದೆ. ನಾನು ಇಂದು ಮಾತನಾಡಬೇಕೆಂದಿರುವುದು ಈ ಸಾಗಣೆಯ ಬಗ್ಗೆ.

ಥಿಯೇಟರಿನಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಆಕೆಯನ್ನು ಮೇಜಿನ ಅಂಚಿನಲ್ಲಿ ಕೂರಿಸುತ್ತೇವೆ. ಗದ್ದ ಎದೆಗೆ ತಾಗುವಂತೆ ತಲೆ ಬಗ್ಗಿಸಿ, ಬೆನ್ನನ್ನು ಹೊರಕ್ಕೆ ಬಾಗಿಸಲು ಹೇಳುತ್ತೇವೆ. ಹಾಗೆ ಬಾಗಿದರೆ ಬೆನ್ನುಮೂಳೆಯ ಮಣಿಗಳ ನಡುವಿನ ಸಂದು ತೆರೆದುಕೊಳ್ಳುತ್ತದೆ, ಸೂಜಿಗೆ ದಾರಿ ಸುಲಭವಾಗುತ್ತದೆ. ಹೆದರಿದವರ ಬೆನ್ನು ಬಾಗುವುದಿಲ್ಲ. ಭುಜ ಕಿವಿಯವರೆಗೆ ಏರಿರುತ್ತದೆ, ಬೆನ್ನಿನ ಎರಡೂ ಬದಿಯ ಸ್ನಾಯುಗಳು ಬಿಗಿದು ಗಟ್ಟಿಯಾಗಿರುತ್ತವೆ. ಸೂಜಿಯನ್ನು ಇನ್ನೂ ಕೈಗೆ ತೆಗೆದುಕೊಂಡೇ ಇರುವುದಿಲ್ಲ. ಚರ್ಮ ಒರೆಸುವ ತಣ್ಣನೆಯ ಹತ್ತಿ ತಾಗಿದ್ದಕ್ಕೇ "ಅಮ್ಮಾ" ಎಂದು ಚೀರಿ ಬೆನ್ನನ್ನು ಸೆಟೆದುಕೊಳ್ಳುತ್ತಾರೆ. ಆ ಕ್ಷಣದಲ್ಲಿ ಅವರಿಗೆ ಆಗಿದ್ದು ನೋವೇ. ನಟನೆ ಅಲ್ಲ. ಬೆನ್ನು ಸೆಟೆದುಕೊಂಡರೆ ಸಂದು ಮುಚ್ಚಿಕೊಳ್ಳುತ್ತದೆ, ಸೂಜಿಯ ದಿಕ್ಕು ಬದಲಿಸಬೇಕಾಗುತ್ತದೆ, ಮತ್ತೊಮ್ಮೆ ಪ್ರಯತ್ನಿಸಬೇಕಾಗುತ್ತದೆ. ಕೊನೆಗೆ ನಿಜವಾಗಿಯೂ ಹೆಚ್ಚು ನೋಯುತ್ತದೆ. ವಾರ್ಡಿಗೆ ಮರಳಿದ ಮೇಲೆ ಆಕೆ ಮುಂದಿನವಳಿಗೆ ಹೇಳುವುದೇನು? "ಬೆನ್ನಿನ ಇಂಜೆಕ್ಷನ್ ಭಯಂಕರ ಕಣೇ."

ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತವರು ಏನು ಹೇಳುತ್ತಾರೆ ಎಂಬುದೂ ಮುಖ್ಯ. ನಮ್ಮ ಆಸ್ಪತ್ರೆಗಳಲ್ಲಿ ಎರಡು ಮಾತು ಎಲ್ಲರ ನಾಲಗೆಯ ಮೇಲೂ ಇವೆ. "ಇರುವೆ ಕಚ್ಚಿದ ಹಾಗೆ ಆಗುತ್ತದೆ" ಎಂಬುದು ಒಂದು. "ಈಗ ಸ್ವಲ್ಪ ನೋವಾಗುತ್ತದೆ, ತಡೆದುಕೊಳ್ಳಿ" ಎಂಬುದು ಇನ್ನೊಂದು. ಎರಡನ್ನೂ ಪ್ರೀತಿಯಿಂದಲೇ ಹೇಳುತ್ತಾರೆ, ಮುಂಚೆಯೇ ಎಚ್ಚರಿಸಿದರೆ ಒಳ್ಳೆಯದು ಎಂಬ ಸದುದ್ದೇಶ ಅದರಲ್ಲಿದೆ. ಈ ಸದುದ್ದೇಶವನ್ನು ಪರೀಕ್ಷೆಗೆ ಒಡ್ಡಿದವರಿದ್ದಾರೆ. ಅಮೆರಿಕದ ಬೋಸ್ಟನ್‌ನಲ್ಲಿ ನಡೆದು, 2010ರಲ್ಲಿ ಪ್ರಕಟವಾದ ಅಧ್ಯಯನ. ಬೆನ್ನಿಗೆ ಅರಿವಳಿಕೆ ಪಡೆಯಲಿದ್ದ 140 ಗರ್ಭಿಣಿಯರು. ಮುಖ್ಯ ಸೂಜಿಗೆ ಮೊದಲು ಚರ್ಮವನ್ನು ಮರಗಟ್ಟಿಸುವ ಒಂದು ಸಣ್ಣ ಚುಚ್ಚುಮದ್ದು ಇರುತ್ತದೆ, ಅದನ್ನು ಕೊಡುವಾಗ ಅರ್ಧದಷ್ಟು ಮಂದಿಗೆ "ಈ ಔಷಧಿಯಿಂದ ಜಾಗ ಮರಗಟ್ಟುತ್ತದೆ, ಮುಂದೆ ನಿಮಗೆ ಆರಾಮವಾಗಿರುತ್ತದೆ" ಎಂಬ ಅರ್ಥದ ಮಾತು ಹೇಳಿದರು. ಉಳಿದವರಿಗೆ "ದೊಡ್ಡ ಜೇನುಹುಳ ಕುಟುಕಿದ ಹಾಗೆ ಆಗುತ್ತದೆ, ಇಡೀ ಪ್ರಕ್ರಿಯೆಯಲ್ಲಿ ಇದೇ ಅತಿ ಕಷ್ಟದ ಹಂತ" ಎಂದರು. ಸೂಜಿ ಒಂದೇ, ಔಷಧಿ ಒಂದೇ. ಎಷ್ಟು ನೋವಾಯಿತು ಎಂದು ಹತ್ತರ ಅಳತೆಯಲ್ಲಿ ಕೇಳಿದಾಗ ಮೊದಲ ಗುಂಪಿನ ಮಧ್ಯಮ ಅಂಕ 3, ಎರಡನೆಯ ಗುಂಪಿನದು 5. ಎರಡು ಅಂಕ ಅಲ್ಪ ಎನಿಸಬಹುದು. ಎರಡು ಅಂಕ ನೋವು ಇಳಿಸಲು ನಾವು ಔಷಧಿ ಕೊಡುತ್ತೇವೆ ಎಂಬುದನ್ನು ನೆನಪಿಡಿ.

ಕೆಟ್ಟದ್ದೇ ಆಗುತ್ತದೆ ಎಂಬ ನಿರೀಕ್ಷೆಯಿಂದಲೇ ದೇಹಕ್ಕೆ ತೊಂದರೆ ಆಗುವುದನ್ನು ವೈದ್ಯಶಾಸ್ತ್ರ ನೊಸೀಬೊ ಪರಿಣಾಮ ಎನ್ನುತ್ತದೆ. ಔಷಧಿಯೇ ಇಲ್ಲದ ಹುಸಿ ಗುಳಿಗೆಯಿಂದ ಗುಣ ಕಾಣುವ ಪ್ಲಸೀಬೊ ನಿಮಗೆ ಗೊತ್ತಿರಬಹುದು. ಇದು ಅದರ ಕೆಟ್ಟ ಅಣ್ಣ. 1961ರಲ್ಲಿ ವಾಲ್ಟರ್ ಕೆನಡಿ ಎಂಬವರು ಈ ಹೆಸರಿಟ್ಟರು. ಮಾಟ ಮಾಡಿಸಿದ್ದಾರೆಂಬ ಭಯಕ್ಕೇ ಸತ್ತವರ ಕಥೆಗಳನ್ನು ಈ ವಿಷಯದ ಬರಹಗಳಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ನಾನು ಹೇಳುವುದಿಲ್ಲ. ಆ ಕಥೆಗಳಲ್ಲಿ ಯಾರನ್ನೂ ಸರಿಯಾಗಿ ಪರೀಕ್ಷಿಸಿರುವುದಿಲ್ಲ. ಅಲ್ಲದೆ, ಇದೆಲ್ಲ ಎಲ್ಲೋ ಕಾಡಿನ ಜನರಿಗೆ ಆಗುವಂಥದ್ದು, ಓದಿದವರಾದ ನಮಗಲ್ಲ ಎಂಬ ಭಾವನೆಯನ್ನು ಅವು ಹುಟ್ಟಿಸುತ್ತವೆ.

ಓದಿದವರಿಗೆ ಏನಾಗುತ್ತದೆ ಎಂಬುದಕ್ಕೆ ಆಕ್ಸ್‌ಫರ್ಡ್‌ನ ಪ್ರಯೋಗವೊಂದನ್ನು ಹೇಳುತ್ತೇನೆ. ನನ್ನ ವೃತ್ತಿಯನ್ನು ನಾನು ನೋಡುವ ರೀತಿಯನ್ನೇ ಅದು ಬದಲಿಸಿತು. ಉಲ್ರಿಕೆ ಬಿಂಗೆಲ್, ಐರೀನ್ ಟ್ರೇಸಿ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ್ದು. 22 ಮಂದಿ ಆರೋಗ್ಯವಂತರ ಕಾಲಿನ ಮೀನಖಂಡದ ಮೇಲೆ ಬಿಸಿ ಮುಟ್ಟಿಸಿ ನೋವು ಉಂಟುಮಾಡಿದರು. ಔಷಧಿ ಇಲ್ಲದಾಗ ನೂರರ ಅಳತೆಯಲ್ಲಿ ನೋವು ಸರಾಸರಿ 66. ಆಮೇಲೆ ಅವರಿಗೆ ಗೊತ್ತಾಗದಂತೆ ಡ್ರಿಪ್‌ನಲ್ಲಿ ರೆಮಿಫೆಂಟನಿಲ್ ಹರಿಸಿದರು. ಇದು ನಾವು ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಪ್ರಬಲ ನೋವು ನಿವಾರಕ, ಅಫೀಮಿನ ವರ್ಗಕ್ಕೆ ಸೇರಿದ್ದು. ನೋವು 55ಕ್ಕೆ ಇಳಿಯಿತು. ಬಳಿಕ "ಈಗ ಔಷಧಿ ಶುರು ಮಾಡುತ್ತಿದ್ದೇವೆ" ಎಂದು ಹೇಳಿದರು. ಔಷಧಿಯ ಪ್ರಮಾಣ ಮೊದಲಿನಷ್ಟೇ, ನೋವು ಮಾತ್ರ 39ಕ್ಕೆ ಇಳಿಯಿತು. ಕೊನೆಗೆ "ಔಷಧಿ ನಿಲ್ಲಿಸಿದ್ದೇವೆ, ನೋವು ಹೆಚ್ಚಾಗಬಹುದು" ಎಂದರು. ಔಷಧಿ ಹರಿಯುತ್ತಲೇ ಇತ್ತು. ನೋವು 64ಕ್ಕೆ ಏರಿತು.

ಇನ್ನೊಮ್ಮೆ ಕೇಳಿ. ರಕ್ತನಾಳದಲ್ಲಿ ಪ್ರಬಲ ಔಷಧಿ ಹರಿಯುತ್ತಿದೆ. ಒಂದು ವಾಕ್ಯ ಅದನ್ನು ಹೆಚ್ಚುಕಡಿಮೆ ಅಳಿಸಿಹಾಕಿತು. ನನ್ನ ಸಿರಿಂಜಿನಲ್ಲಿರುವುದನ್ನು ನನ್ನ ನಾಲಗೆ ರದ್ದು ಮಾಡಬಲ್ಲದು ಎಂದಾದರೆ, ಸಿರಿಂಜಿನ ಮೇಲೆ ಬರೆದಿರುವ ಪ್ರಮಾಣದ ಗೆರೆಗಳನ್ನು ನೋಡುವಷ್ಟೇ ಎಚ್ಚರಿಕೆಯಿಂದ ನನ್ನ ಮಾತನ್ನೂ ನೋಡಬೇಕಲ್ಲವೇ?

ಇದು ಆಗುವುದು ಹೇಗೆ? ನಮ್ಮ ಕೆರೆಗಳಿಗೆ ತೂಬು ಇರುತ್ತದೆ. ಕೆರೆಯಲ್ಲಿ ನೀರು ಎಷ್ಟೇ ಇರಲಿ, ಗದ್ದೆಗೆ ಹರಿಯುವುದು ತೂಬು ಎತ್ತಿದಷ್ಟು. ಗಾಯದಿಂದ ಬರುವ ಸಂದೇಶಗಳಿಗೆ ಬೆನ್ನುಹುರಿಯಲ್ಲಿ ಅಂಥದ್ದೊಂದು ಏರ್ಪಾಡು ಇದೆ, ಅದನ್ನು ಏರಿಸಿ ಇಳಿಸುವ ಅಧಿಕಾರ ಮಿದುಳಿನದು. ಅಪಾಯವಿಲ್ಲ ಎಂದು ಮಿದುಳಿಗೆ ಅನಿಸಿದರೆ ತನ್ನದೇ ನೋವು ನಿವಾರಕಗಳನ್ನು ಬಿಟ್ಟು ಹರಿವನ್ನು ತಗ್ಗಿಸುತ್ತದೆ. ಅಪಾಯ ಬರುತ್ತಿದೆ ಎಂದು ಅನಿಸಿದರೆ ಪೂರ್ತಿ ತೆರೆಯುತ್ತದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2017ರಲ್ಲಿ ಇದನ್ನು ಸ್ಕ್ಯಾನ್ ಮಾಡಿಯೇ ನೋಡಿದರು. ತುರಿಕೆಗೆ ಹಚ್ಚುವ ಮುಲಾಮು, ಅಡ್ಡ ಪರಿಣಾಮವಾಗಿ ಚರ್ಮಕ್ಕೆ ಬಿಸಿ ತಾಗಿದರೆ ಹೆಚ್ಚು ನೋಯಬಹುದು ಎಂದು ಹೇಳಿ ಹಚ್ಚಿದರು. ಮುಲಾಮಿನಲ್ಲಿ ಯಾವ ಔಷಧಿಯೂ ಇರಲಿಲ್ಲ. ಕೆಲವರಿಗೆ ದುಬಾರಿ ಎನಿಸುವ ಚೆಂದದ ಪೆಟ್ಟಿಗೆ, ಕೆಲವರಿಗೆ ಅಗ್ಗದ್ದೆನಿಸುವ ಪೆಟ್ಟಿಗೆ. ದುಬಾರಿ ಪೆಟ್ಟಿಗೆಯವರಿಗೇ ಹೆಚ್ಚು ನೋವಾಯಿತು. ಬೆಲೆ ಹೆಚ್ಚಿದ್ದರೆ ಔಷಧಿ ಜೋರಾಗಿರುತ್ತದೆ, ಜೋರಾಗಿದ್ದರೆ ಅಡ್ಡ ಪರಿಣಾಮವೂ ಜೋರು ಎಂಬ ಲೆಕ್ಕಾಚಾರ! ಆ ಲೆಕ್ಕಾಚಾರ ಮಿದುಳಿನ ಮುಂಭಾಗದಿಂದ ಹೊರಟು, ಮಿದುಳಿನ ಕಾಂಡ ದಾಟಿ, ಬೆನ್ನುಹುರಿಯವರೆಗೂ ಇಳಿಯುವುದು ಸ್ಕ್ಯಾನ್‌ನಲ್ಲಿ ಕಂಡಿತು.

ಇಟಲಿಯ ಟೂರಿನ್‌ನ ಫ್ಯಾಬ್ರಿಜಿಯೊ ಬೆನೆಡೆಟ್ಟಿ ಇದರ ರಾಸಾಯನಿಕವನ್ನೇ ಹಿಡಿದರು. ಕೊಲೆಸಿಸ್ಟೊಕೈನಿನ್ ಎಂಬುದೊಂದು ಪದಾರ್ಥವಿದೆ. ಎಣ್ಣೆ ತುಪ್ಪದ ಊಟ ಮಾಡಿದಾಗ ಪಿತ್ತಕೋಶವನ್ನು ಹಿಂಡಲು ಕರುಳಿನಲ್ಲಿ ಸ್ರವಿಸುವುದು ಇದೇ. ಇದು ಮಿದುಳಿನಲ್ಲಿಯೂ ಕೆಲಸ ಮಾಡುತ್ತದೆ, ಆತಂಕವನ್ನು ನೋವಾಗಿ ಮಾರ್ಪಡಿಸುವುದರಲ್ಲಿ ಇದರ ಪಾತ್ರವಿದೆ. ಇದನ್ನು ತಡೆಯುವ ಪ್ರೊಗ್ಲುಮೈಡ್ ಎಂಬ ಔಷಧಿ ಕೊಟ್ಟಾಗ "ಈಗ ನೋವು ಹೆಚ್ಚುತ್ತದೆ" ಎಂದು ಹೇಳಿದರೂ ನೋವು ಹೆಚ್ಚಲಿಲ್ಲ.

ಈ ವಿವರವನ್ನೆಲ್ಲ ನಾನು ಹೇಳುತ್ತಿರುವುದಕ್ಕೆ ಒಂದೇ ಕಾರಣ. ಈ ವಿಷಯ ಅರ್ಧ ಗೊತ್ತಾದರೆ ಅದು ರೋಗಿಯನ್ನು ಹೊಡೆಯುವ ದೊಣ್ಣೆಯಾಗುತ್ತದೆ. "ನಿನಗೇನೂ ಆಗಿಲ್ಲ, ಎಲ್ಲ ನಿನ್ನ ಮನಸ್ಸಿನದ್ದು" ಎಂಬ ಮಾತನ್ನು ಎಷ್ಟು ಮನೆಗಳಲ್ಲಿ, ಎಷ್ಟು ಹೊರರೋಗಿ ವಿಭಾಗಗಳಲ್ಲಿ ಹೇಳುತ್ತಾರೆ ನೋಡಿ. ಅದರಲ್ಲೂ ಹೆಂಗಸರಿಗೆ. ಮಿದುಳು ಬಿಟ್ಟ ರಾಸಾಯನಿಕ, ಬೆನ್ನುಹುರಿಯಲ್ಲಿ ತೆರೆದ ತೂಬು, ಏರಿದ ಒತ್ತಡದ ಹಾರ್ಮೋನ್ ಇವು ಯಾವುವೂ ಕಲ್ಪನೆಯಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್ 1995ರಲ್ಲಿ ಒಂದು ಪ್ರಕರಣ ಪ್ರಕಟಿಸಿತ್ತು. 29 ವರ್ಷದ ಕಟ್ಟಡ ಕಾರ್ಮಿಕನೊಬ್ಬ ಮೇಲಿನಿಂದ ಜಿಗಿದಾಗ 15 ಸೆಂಟಿಮೀಟರ್ ಉದ್ದದ ಮೊಳೆ ಅವನ ಬೂಟಿನೊಳಗೆ ನುಗ್ಗಿ ಮೇಲೆ ಬಂತು. ಮೊಳೆ ಸ್ವಲ್ಪ ಅಲುಗಿದರೂ ತಡೆಯಲಾರದ ನೋವು. ನೋವು ನಿವಾರಕ ಫೆಂಟನಿಲ್, ಮಂಪರು ಬರಿಸುವ ಮಿಡಜೊಲಮ್ ಕೊಟ್ಟು ಮೊಳೆ ಎಳೆದು ಬೂಟು ಬಿಚ್ಚಿದರೆ, ಮೊಳೆ ಎರಡು ಬೆರಳುಗಳ ನಡುವೆ ಹಾದುಹೋಗಿತ್ತು. ಚರ್ಮ ಸಹ ಗೀರಿರಲಿಲ್ಲ. ಇದನ್ನು ಹೇಳಿ ನಗಿಸುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಪಾದದಲ್ಲಿ ಮೊಳೆ ನಿಂತಿರುವುದನ್ನು ಕಣ್ಣಾರೆ ಕಂಡ ಮನುಷ್ಯನ ಮಿದುಳು ಮಾಡಬೇಕಾದ್ದನ್ನೇ ಮಾಡಿತು. ಅವನಿಗೆ ನೋವಿಗೆ ಔಷಧಿ ಕೊಟ್ಟ ವೈದ್ಯರೂ ಸರಿಯಾದದ್ದನ್ನೇ ಮಾಡಿದರು.

ಈಗ ನೋವಿನಿಂದ ಗುಳಿಗೆಗೆ ಬರೋಣ, ಇಲ್ಲಿ ಆಗುತ್ತಿರುವ ಹಾನಿ ದೊಡ್ಡದು. ಹೃದಯಾಘಾತ ಆದವರಿಗೆ, ಆಗುವ ಸಂಭವ ಇರುವವರಿಗೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ಕೊಡುತ್ತಾರೆ. ಮೈಕೈ ನೋವು ಬರುತ್ತದೆಂದು ಅದನ್ನು ಬಿಟ್ಟವರು ನಿಮ್ಮ ಮನೆಯಲ್ಲೂ ಇರಬಹುದು. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಅಂಥ 60 ಮಂದಿಯನ್ನು ಕರೆದು 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಡ್ಡ ಪರಿಣಾಮ ತಾಳಲಾರದೆ ಸ್ಟ್ಯಾಟಿನ್ ನಿಲ್ಲಿಸಿದ್ದವರೇ ಎಲ್ಲರೂ. ಒಂದು ವರ್ಷ: ನಾಲ್ಕು ತಿಂಗಳು ಸ್ಟ್ಯಾಟಿನ್, ನಾಲ್ಕು ತಿಂಗಳು ನೋಡಲು ಅದರಂತೆಯೇ ಇದ್ದ ಹುಸಿ ಗುಳಿಗೆ, ನಾಲ್ಕು ತಿಂಗಳು ಏನೂ ಇಲ್ಲ, ಎಲ್ಲವೂ ಕಲಸಿದ ಕ್ರಮದಲ್ಲಿ. ಬಾಟಲಿಯಲ್ಲಿ ಏನಿದೆ ಎಂದು ಯಾರಿಗೂ ತಿಳಿಯದು. ದಿನಾ ಮೊಬೈಲಿನಲ್ಲಿ ತೊಂದರೆಗೆ ನೂರರಲ್ಲಿ ಅಂಕ ಕೊಡಬೇಕು. ಗುಳಿಗೆಯೇ ಇಲ್ಲದ ತಿಂಗಳುಗಳಲ್ಲಿ ಸರಾಸರಿ 8. ಸ್ಟ್ಯಾಟಿನ್ ತಿಂದ ತಿಂಗಳುಗಳಲ್ಲಿ 16.3. ಹುಸಿ ಗುಳಿಗೆಯ ತಿಂಗಳುಗಳಲ್ಲಿ 15.4! ಗುಳಿಗೆ ತಿನ್ನುವುದರಿಂದ ತೊಂದರೆ ಹೆಚ್ಚಾದದ್ದು ನಿಜ, ಆದರೆ ಅದರ ಹತ್ತರಲ್ಲಿ ಒಂಬತ್ತು ಪಾಲು ಹುಸಿ ಗುಳಿಗೆಯಿಂದಲೂ ಆಗುತ್ತಿತ್ತು. ನನಗೆ ಇಷ್ಟವಾದದ್ದು ಆಮೇಲೆ ನಡೆದದ್ದು. ಪ್ರತಿಯೊಬ್ಬರಿಗೂ ಅವರವರ ತಿಂಗಳುಗಳ ಅಂಕಗಳನ್ನು ಅವರೆದುರಿಗೇ ಇಟ್ಟು ತೋರಿಸಿದರು. ಯಾರನ್ನೂ ಗದರಿಸಲಿಲ್ಲ, ಸುಳ್ಳು ಹೇಳುತ್ತಿದ್ದೀರಿ ಎನ್ನಲಿಲ್ಲ. ಅರ್ಧದಷ್ಟು ಮಂದಿ ಮತ್ತೆ ಸ್ಟ್ಯಾಟಿನ್ ಶುರು ಮಾಡಿದರು. ತಮ್ಮ ದೇಹದ ಲೆಕ್ಕವನ್ನು ತಾವೇ ನೋಡಿದರೆ ಜನ ಒಪ್ಪುತ್ತಾರೆ.

ಕೊರೊನಾ ಲಸಿಕೆಯ ಪ್ರಯೋಗಗಳಲ್ಲೂ ಇದೇ ಕಂಡಿತು. ಬೋಸ್ಟನ್‌ನವರು 12 ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ನೋಡಿದಾಗ, ಮೊದಲ ಬಾರಿಗೆ ಹುಸಿ ಚುಚ್ಚುಮದ್ದು ಪಡೆದವರಲ್ಲೇ ಶೇಕಡಾ 35ರಷ್ಟು ಮಂದಿ ತಲೆನೋವು, ಸುಸ್ತು ಮುಂತಾದ ತೊಂದರೆ ಹೇಳಿಕೊಂಡಿದ್ದರು. ಲಸಿಕೆಯಿಂದ ಜ್ವರವೇ ಬರಲಿಲ್ಲ ಎಂದು ಇದರ ಅರ್ಥವಲ್ಲ. ಬಂದಿತ್ತು, ಅದು ದೇಹ ಲಸಿಕೆಗೆ ಸ್ಪಂದಿಸುವ ರೀತಿ.

ನಮ್ಮ ಊರುಗಳಲ್ಲಿ ನೊಸೀಬೊ ಅತಿ ಹೆಚ್ಚು ಬೆಳೆಯುತ್ತಿರುವ ಹೊಲ ಯಾವುದೆಂದು ಕೇಳಿದರೆ ನಾನು ಎಂಆರ್‌ಐ ವರದಿ ಎನ್ನುತ್ತೇನೆ. ಸೊಂಟ ನೋವೆಂದು ಹೋದವರು ದೊಡ್ಡ ಲಕೋಟೆ ಹಿಡಿದು ಬರುತ್ತಾರೆ. ಒಳಗೆ ಡಿಸ್ಕ್ (ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ) ಸವೆತ, ಡಿಸ್ಕ್ ಉಬ್ಬು, ನರದ ಮೇಲೆ ಒತ್ತಡ ಎಂದೆಲ್ಲ ಬರೆದಿರುತ್ತದೆ. ಮನೆಗೆ ಬರುವಷ್ಟರಲ್ಲಿ ಅದು "ಬೆನ್ನುಮೂಳೆಯಲ್ಲಿ ಗ್ಯಾಪ್ ಬಂದಿದೆಯಂತೆ, ಡಿಸ್ಕ್ ಜಾರಿದೆಯಂತೆ" ಎಂದಾಗಿರುತ್ತದೆ. ಅಂದಿನಿಂದ ಆ ಮನುಷ್ಯ ಕೊಡ ಎತ್ತುವುದಿಲ್ಲ, ಬಗ್ಗುವುದಿಲ್ಲ, ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂರುವುದಿಲ್ಲ, ನಾಟಿಗೆ ಹೋಗುವುದಿಲ್ಲ. ಪ್ರತಿ ಸಣ್ಣ ಚಳುಕಿಗೂ ಎದೆ ಧಸಕ್ಕೆನ್ನುತ್ತದೆ. ಬಳಸದ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಬೇಗ ನೋಯುತ್ತದೆ. ಆದರೆ ಆ ಸವೆತ ಯಾರಿಗೆ ಇಲ್ಲ? ಬೆನ್ನುನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 20 ವರ್ಷದವರಲ್ಲೇ ಶೇಕಡಾ 37ರಷ್ಟು ಮಂದಿಗೆ ಡಿಸ್ಕ್ ಸವೆತ ಇತ್ತು. 80 ವರ್ಷದವರಲ್ಲಿ ಶೇಕಡಾ 96. ತಲೆಗೂದಲು ನೆರೆತಿದೆ ಎಂದು ಯಾರೂ ಲಕೋಟೆಯಲ್ಲಿ ವರದಿ ಕೊಡುವುದಿಲ್ಲ.

ಇದಕ್ಕೆ ನೆರೆಯ ಕೊಯಮತ್ತೂರಿನಲ್ಲೇ ಪರೀಕ್ಷೆ ನಡೆದಿದೆ. ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ್ದು. ದೀರ್ಘಕಾಲದ ಸೊಂಟನೋವಿನ 44 ಮಂದಿಯಲ್ಲಿ ಒಂದು ಗುಂಪಿಗೆ ಎಂಆರ್‌ಐ ವರದಿಯಲ್ಲಿ ಬರೆದಿದ್ದನ್ನು ಇದ್ದಂತೆಯೇ ವಿವರಿಸಿದರು. ಇನ್ನೊಂದು ಗುಂಪಿಗೆ, ಚಿತ್ರದಲ್ಲಿರುವುದು ವಯಸ್ಸಿಗೆ ತಕ್ಕ ಸಹಜ ಬದಲಾವಣೆ, ಚಿಂತಿಸುವಂಥದ್ದಿಲ್ಲ ಎಂದು ಧೈರ್ಯ ಹೇಳಿದರು. ಚಿಕಿತ್ಸೆಯಾದ ಆರು ವಾರಗಳ ನಂತರ, ವರದಿ ಕೇಳಿದವರು ತಮ್ಮ ಬೆನ್ನಿನ ಬಗ್ಗೆ ಹೆಚ್ಚು ಭೀತರಾಗಿದ್ದರು, ಅವರ ನೋವೂ ಇನ್ನೊಂದು ಗುಂಪಿನಷ್ಟು ಕಡಿಮೆಯಾಗಿರಲಿಲ್ಲ. ಈ ಊರಿನ ಪ್ರತಿ ಸ್ಕ್ಯಾನಿಂಗ್ ಕೇಂದ್ರದ ವರದಿಯಲ್ಲೂ "ಈ ವಯಸ್ಸಿನಲ್ಲಿ, ನೋವಿಲ್ಲದವರಲ್ಲೂ ಇದು ಸಾಮಾನ್ಯ" ಎಂಬ ಒಂದು ಸಾಲು ಇರಬೇಕೆಂದು ನಾನು ಬೇಡುತ್ತೇನೆ. ಆ ಸಾಲು ಸುಳ್ಳಲ್ಲ, ಅದಕ್ಕೆ ಖರ್ಚೂ ಇಲ್ಲ.

ಇನ್ನು ಹಾವಿನ ವಿಷಯ. ಮಲೆನಾಡಿನವರು, ತೋಟದ ಕೆಲಸದವರು ಇಲ್ಲಿದ್ದೀರಿ. ಹಾವು ಕಚ್ಚಿದವರು ಆಸ್ಪತ್ರೆಗೆ ಬರುವಾಗ ಬಾಯಿಯ ಸುತ್ತ ಜುಮುಜುಮು, ಬೆರಳು ಸೆಟೆದುಕೊಂಡಿದೆ, ತಲೆ ಸುತ್ತು ಎನ್ನುವುದುಂಟು. ಇದು ವಿಷದಿಂದಲೇ ಆಗಿರಬೇಕೆಂದಿಲ್ಲ. ಭಯದಿಂದ ಜೋರಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದಲೇ ಇವೆಲ್ಲ ಆಗಬಲ್ಲವು. ಅದಕ್ಕೇ ಭಾರತದ ಹಾವು ಕಡಿತದ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಮೊದಲ ಹೆಜ್ಜೆ ಧೈರ್ಯ ಹೇಳುವುದು. ಕಚ್ಚುವ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು, ವಿಷದ ಹಾವು ಕಚ್ಚಿದರೂ ಪ್ರತಿ ಸಲ ವಿಷ ಇಳಿಯುವುದಿಲ್ಲ ಎಂದು ಅದು ಹೇಳುತ್ತದೆ. ಧೈರ್ಯ ಹೇಳಿ ಮನೆಯಲ್ಲೇ ಕೂರಿಸಬೇಡಿ. ಕಟ್ಟುಹಾವಿನ ಕಡಿತ ನೋಯುವುದೇ ಇಲ್ಲದಿರಬಹುದು, ಆದರೂ ಕೊಲ್ಲುತ್ತದೆ. ಕೈಕಾಲು ಅಲುಗಿಸದಂತೆ ಇರಿಸಿ, ತಡಮಾಡದೆ ಆಸ್ಪತ್ರೆಗೆ ತನ್ನಿ. ದಾರಿಯುದ್ದಕ್ಕೂ "ಅಯ್ಯೋ, ಹೋದ ವರ್ಷ ಇವರ ದೊಡ್ಡಪ್ಪನೂ ಹೀಗೆಯೇ" ಎಂದು ಗೋಳಾಡುವವರನ್ನು ಮಾತ್ರ ಬೇರೆ ವಾಹನದಲ್ಲಿ ಕೂರಿಸಿ.

ಹಾಗಾದರೆ ರೋಗಿಗೆ ಏನನ್ನೂ ಹೇಳದಿರುವುದೇ ಒಳ್ಳೆಯದೇ? ಇಟಲಿಯ ಫ್ಲಾರೆನ್ಸ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಆಸೆ ಹುಟ್ಟಿಸುತ್ತದೆ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡ ಗಂಡಸರಿಗೆ ಫಿನಾಸ್ಟೆರೈಡ್ ಎಂಬ ಔಷಧಿ ಕೊಟ್ಟರು. ಲೈಂಗಿಕ ತೊಂದರೆ ಆಗಬಹುದು ಎಂದು ಮೊದಲೇ ತಿಳಿಸಿದವರಲ್ಲಿ ಸುಮಾರು ಶೇಕಡಾ 44 ಮಂದಿಗೆ ಅದು ಆಯಿತು, ತಿಳಿಸದವರಲ್ಲಿ ಶೇಕಡಾ 15 ಮಂದಿಗೆ. ಆದರೂ ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ. ಅದು ಅವರ ದೇಹ, ತಿಳಿಯುವ ಹಕ್ಕು ಅವರದು. ಮುಚ್ಚಿಟ್ಟದ್ದು ನಾಳೆ ಮೊಬೈಲಿನಲ್ಲಿ ಸಿಕ್ಕರೆ ನಮ್ಮ ಯಾವ ಮಾತನ್ನೂ ಅವರು ನಂಬುವುದಿಲ್ಲ. ಅಪಾಯದ ಲಕ್ಷಣ ಯಾವುದೆಂದು ಗೊತ್ತಿಲ್ಲದವರು ತಡವಾಗಿ ಬರುತ್ತಾರೆ. ಹೇಳಬೇಕು, ಹೇಗೆ ಹೇಳುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.

ಒಂದು ಗುಳಿಗೆಯಿಂದ ನೂರರಲ್ಲಿ ಹತ್ತು ಮಂದಿಗೆ ಹೊಟ್ಟೆ ತೊಳಸುತ್ತದೆ ಎಂದುಕೊಳ್ಳಿ. "ಇದರಿಂದ ಹೊಟ್ಟೆ ತೊಳಸುತ್ತದೆ, ನೋಡಿಕೊಳ್ಳಿ" ಎಂದು ಹೇಳಬಹುದು. "ನೂರರಲ್ಲಿ ತೊಂಬತ್ತು ಮಂದಿಗೆ ಏನೂ ಆಗುವುದಿಲ್ಲ. ಉಳಿದವರಿಗೆ ಮೊದಲ ಕೆಲವು ದಿನ ಹೊಟ್ಟೆ ತೊಳಸಬಹುದು, ಊಟವಾದ ಮೇಲೆ ತೆಗೆದುಕೊಳ್ಳಿ, ತಡೆಯದಿದ್ದರೆ ನನಗೆ ಫೋನ್ ಮಾಡಿ" ಎಂದೂ ಹೇಳಬಹುದು. ಎರಡರಲ್ಲೂ ಇರುವ ಸತ್ಯ ಒಂದೇ. ಎರಡನೆಯದರಲ್ಲಿ ಎಷ್ಟು ದಿನ, ಏನು ಮಾಡಬೇಕು, ಯಾರನ್ನು ಕೇಳಬೇಕು ಎಂಬುದೂ ಇದೆ. ಥಿಯೇಟರಿನಲ್ಲಿ ನಾನು ಹೇಳುವುದು ಹೀಗೆ: "ಈಗ ಜಾಗ ಮರಗಟ್ಟಿಸುತ್ತೇನೆ. ಆಮೇಲೆ ನನ್ನ ಬೆರಳು ಒತ್ತಿದ್ದು ಗೊತ್ತಾಗುತ್ತದೆ. ಸ್ವಲ್ಪ ಹೊತ್ತಿಗೆ ಕಾಲು ಬೆಚ್ಚಗಾಗಿ ಭಾರವಾಗುತ್ತದೆ, ಔಷಧಿ ಕೆಲಸ ಮಾಡುತ್ತಿದೆ ಎಂದರ್ಥ." ನೋಯುವುದೇ ಇಲ್ಲವೇ ಎಂದು ಕೇಳಿದವರಿಗೆ, ಕೆಲವರಿಗೆ ಚುರುಕ್ಕೆನ್ನುತ್ತದೆ, ಕೆಲವರಿಗೆ ಗೊತ್ತೂ ಆಗುವುದಿಲ್ಲ ಎನ್ನುತ್ತೇನೆ. ಶಸ್ತ್ರಚಿಕಿತ್ಸೆಯ ನಂತರ "ತುಂಬಾ ನೋವಿದೆಯಾ?" ಎಂದು ಶುರು ಮಾಡದೆ "ಹೇಗಿದ್ದೀರಿ?" ಎಂದು ಶುರು ಮಾಡಿ. ಅವರು ನೋವೆಂದರೆ ತಕ್ಷಣ ಔಷಧಿ ಕೊಡಿ, ತಡಮಾಡಬೇಡಿ.

ಇಲ್ಲಿಗೆ ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ಹಿರಿಯರು: ಗುಳಿಗೆಯ ಜೊತೆ ಬರುವ ಚೀಟಿಯಲ್ಲಿ ಅಷ್ಟುದ್ದ ಅಡ್ಡ ಪರಿಣಾಮಗಳ ಪಟ್ಟಿ ಇರುತ್ತದೆ. ಓದಬೇಕೇ, ಬೇಡವೇ?

ಓದಿ, ಸರ್. ಆದರೆ ಆ ಪಟ್ಟಿ ಪ್ರತಿಯೊಬ್ಬರಿಗೂ ಆಗುವುದರ ಪಟ್ಟಿಯಲ್ಲ, ಯಾರಿಗಾದರೂ ಆದದ್ದೆಲ್ಲವೂ ಅದರಲ್ಲಿ ಸೇರಿರುತ್ತದೆ. ಅದನ್ನು ಔಷಧಿ ಕೊಟ್ಟವರ ಮುಂದಿಟ್ಟು ಎರಡೇ ಪ್ರಶ್ನೆ ಕೇಳಿ: ಇದರಲ್ಲಿ ಸಾಮಾನ್ಯ ಯಾವುದು? ಯಾವುದಾದರೆ ಓಡಿ ಬರಬೇಕು? ಗುಳಿಗೆ ಶುರು ಮಾಡುವ ಮೊದಲೇ ನಿಮಗೆ ಇರುವ ಮೈಕೈ ನೋವು, ಸುಸ್ತು, ನಿದ್ರೆಯ ತೊಂದರೆಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮೊದಲೇ ಇದ್ದದ್ದು ಯಾವುದು, ಆಮೇಲೆ ಬಂದದ್ದು ಯಾವುದು ಎಂದು ಆಗ ತಿಳಿಯುತ್ತದೆ. ಬಿಪಿಯ ಗುಳಿಗೆ, ಹೃದಯದ ಗುಳಿಗೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಒಬ್ಬ ಮಹಿಳೆ: ನನಗೆ ಸಿಸೇರಿಯನ್ ಆದಾಗಿನಿಂದ ಸೊಂಟನೋವು ಇದೆ. ನೀವು ಹೇಳಿದ್ದನ್ನು ಕೇಳಿದರೆ ನನ್ನದು ಬರೀ ಭಯ ಎಂದಂತಾಯಿತಲ್ಲ?

ಇಲ್ಲಮ್ಮ. ನಿಮ್ಮ ನೋವು ನಿಜ, ಅದಕ್ಕೆ ಕಾರಣ ಹುಡುಕಬೇಕು. ಹೊಟ್ಟೆಯ ಸ್ನಾಯು ಸಡಿಲವಾಗಿರಬಹುದು, ಮಗುವನ್ನು ಬಗ್ಗಿ ಎತ್ತುವುದು, ಬಗ್ಗಿ ಕುಳಿತು ಹಾಲೂಡಿಸುವುದು ಇರಬಹುದು. ಸೂಜಿಯೇ ಕಾರಣ ಎಂದುಕೊಂಡರೆ ಆಗಿಹೋದದ್ದಕ್ಕೆ ಏನೂ ಮಾಡಲಾಗದು ಎಂದು ಕೈಚೆಲ್ಲಿ ಕೂರುತ್ತೇವೆ. ಸ್ನಾಯು ಎಂದು ಗೊತ್ತಾದರೆ ವ್ಯಾಯಾಮ ಶುರು ಮಾಡಬಹುದು. ಕಾಲಿನಲ್ಲಿ ಶಕ್ತಿ ಇಲ್ಲದಂತಾದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರದ ಜೊತೆ ಬೆನ್ನುನೋವು ಬಂದರೆ ಅಂದೇ ಆಸ್ಪತ್ರೆಗೆ ಬನ್ನಿ.

ಒಬ್ಬ ಆಶಾ ಕಾರ್ಯಕರ್ತೆ: ಲಸಿಕೆಯ ದಿನ ಮಕ್ಕಳು ನಮ್ಮನ್ನು ಕಂಡರೇ ಅಳುತ್ತವೆ. ಏನು ಹೇಳಬೇಕು?

ಮೊದಲು ತಾಯಂದಿರಿಗೆ ಹೇಳಿ: ಊಟ ಮಾಡದಿದ್ದರೆ, ಗಲಾಟೆ ಮಾಡಿದರೆ "ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸುತ್ತೇನೆ" ಎಂದು ಹೆದರಿಸಬೇಡಿ ಎಂದು. ಮನೆಯಲ್ಲಿ ವರ್ಷಗಟ್ಟಲೆ ಶಿಕ್ಷೆಯೆಂದು ಹೇಳಿದ್ದು ಲಸಿಕೆಯ ದಿನ ಔಷಧಿಯಾಗುವುದಿಲ್ಲ. ಲಸಿಕೆ ಹಾಕುವಾಗಿನ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ಕೊಟ್ಟಿದೆ. ಚುಚ್ಚುತ್ತೇನೆ, ಕುಟುಕುತ್ತದೆ ಎನ್ನಬೇಡಿ. "ಒಂದೇ ಕ್ಷಣ ನೋಯುತ್ತದೆ ಅಷ್ಟೆ" ಎಂಬ ಸುಳ್ಳು ಸಮಾಧಾನವನ್ನೂ ಹೇಳಬೇಡಿ. "ಈಗ ಹಾಕುತ್ತೇನೆ" ಎಂದರೆ ಸಾಕು. ಏನೂ ಆಗುವುದಿಲ್ಲ, ಏನೂ ಆಗುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿದರೆ ಏನೋ ಆಗಲಿದೆ ಎಂದು ಮಗುವಿಗೆ ಗೊತ್ತಾಗಿಬಿಡುತ್ತದೆ. ಅದರ ಬದಲು ಬೇರೆ ಕಡೆ ಗಮನ ಸೆಳೆಯಿರಿ, ಕಿಟಕಿಯಾಚೆಯ ಕಾಗೆಯನ್ನು ತೋರಿಸಿ. ಕೂಸಾಗಿದ್ದರೆ ತಾಯಿ ಎದೆಹಾಲು ಕುಡಿಸುತ್ತಿರುವಾಗಲೇ ಹಾಕಿ. ಸ್ವಲ್ಪ ದೊಡ್ಡ ಮಗುವಾದರೆ ಮಲಗಿಸಿ ಅದುಮಿ ಹಿಡಿಯದೆ ತಾಯಿಯ ತೊಡೆಯ ಮೇಲೆ ಕೂರಿಸಿ. ಎರಡು ಮೂರು ಲಸಿಕೆ ಇದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಇಟ್ಟುಕೊಳ್ಳಿ.